ಸಂಬಳದಲ್ಲಿ ಮುರಿದುಕೊಳ್ಳುತ್ತಿದೆ ಕ್ಯಾಲಿಫೋರ್ನಿಯಾ, ಈಗ ಏನು ಮಾಡಲಿ?

ಪ್ರಶ್ನೆ: ನಾನು ಹಾಸನದ ಕಡೆಯವನು. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ. ಹೆಂಡತಿ ಎಚ್-4ನಲ್ಲಿದ್ದಾಳೆ (ಎಚ್-1ಬಿಯವರ ಕುಟುಂಬದ ವೀಸಾ), ಒಬ್ಬಳು ಮಗಳು. 2023ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೆಲಸ ಹೋಯಿತು. ಜೂನ್‌ನಲ್ಲಿ ಡಾಲಸ್‌ನಲ್ಲಿ ಬೇರೆ ಕೆಲಸ ಸಿಕ್ಕಿ ಟೆಕ್ಸಾಸ್‌ಗೆ ಹೋದೆವು. ಆ ವರ್ಷದ ಫೆಡರಲ್ ರಿಟರ್ನ್ ನಾನೇ ಆನ್‌ಲೈನ್ ಸಾಫ್ಟ್‌ವೇರ್‌ನಲ್ಲಿ ಹಾಕಿದೆ. ಸ್ಟೇಟ್ ರಿಟರ್ನ್‌ಗೆ ಅದು ಬೇರೆ ದುಡ್ಡು ಕೇಳಿತು. ಟೆಕ್ಸಾಸ್‌ನಲ್ಲಿ ಸ್ಟೇಟ್ ಟ್ಯಾಕ್ಸೇ ಇಲ್ಲವಲ್ಲ ಅಂತ ಬಿಟ್ಟುಬಿಟ್ಟೆ. 2025ರ ಮಾರ್ಚ್‌ನಲ್ಲಿ ಹೊಸ ಕೆಲಸಕ್ಕೆ ಮತ್ತೆ ಕ್ಯಾಲಿಫೋರ್ನಿಯಾಗೆ ಬಂದೆ. ಕಳೆದ ವಾರ ಪೇರೋಲ್‌ನವರು ಮೇಲ್ ಕಳಿಸಿದ್ದಾರೆ. 2023ರ ಬಾಕಿ 9,300 ಡಾಲರ್ ಅಂತೆ, ಪ್ರತಿ ಪೇ ಚೆಕ್‌ನಲ್ಲಿ 1,136 ಡಾಲರ್ ಹಿಡಿಯುತ್ತಾರಂತೆ. ನನಗೆ ಒಂದು ನೋಟಿಸೂ ಬಂದಿರಲಿಲ್ಲ. ಎಚ್‌ಆರ್‌ಗೆ ಹೇಳಿ ನಿಲ್ಲಿಸಬಹುದಾ? ಕೆಲಸಕ್ಕೆ, ವೀಸಾಗೆ ತೊಂದರೆ ಆಗುತ್ತಾ? ಸುಮ್ನೆ ಕಟ್ಟಿ ಮುಗಿಸಿಬಿಡಲಾ?

ಉತ್ತರ:

ಕಡೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸುಮ್ನೆ ಕಟ್ಟಿ ಮುಗಿಸಬೇಡಿ. ನೀವು ಕಳಿಸಿದ ಕಾಗದಗಳನ್ನು ಎರಡು ಸಲ ನೋಡಿದೆ. ನನ್ನ ಲೆಕ್ಕದಲ್ಲಿ ನೀವು ಕ್ಯಾಲಿಫೋರ್ನಿಯಾಗೆ ಒಂದು ಡಾಲರ್ ಟ್ಯಾಕ್ಸೂ ಬಾಕಿ ಇಲ್ಲ. ಅವರೇ ನಿಮಗೆ ಮೂರು ಸಾವಿರದ ಮೇಲೆ ವಾಪಸ್ ಕೊಡಬೇಕು. ಹಾಗಾದರೆ 9,300 ಎಲ್ಲಿಂದ ಬಂತು? ಅದನ್ನು ಬಿಡಿಸಿ ಹೇಳುತ್ತೇನೆ. ಅದು ಅರ್ಥವಾದರೆ ಏನು ಮಾಡಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ.

ನಿಮ್ಮ ತಪ್ಪು ನಮ್ಮ ಜನ ಬಹಳ ಮಂದಿ ಮಾಡುವ ತಪ್ಪು. ಊರಲ್ಲಿ ಆದಾಯ ತೆರಿಗೆ ಅಂದರೆ ಕೇಂದ್ರದ್ದು ಮಾತ್ರ. ಕರ್ನಾಟಕ ಸರ್ಕಾರ ಸಂಬಳದಿಂದ ತಗೊಳ್ಳುವುದು ಅಂದರೆ ಪ್ರೊಫೆಷನಲ್ ಟ್ಯಾಕ್ಸ್, ತಿಂಗಳಿಗೆ ಸುಮಾರು 200 ರೂಪಾಯಿ. ಅದನ್ನು ಕಂಪನಿಯೇ ಮುರಿದು ಕಟ್ಟುತ್ತದೆ, ನಮ್ಮ ಗಮನಕ್ಕೂ ಬರುವುದಿಲ್ಲ. ಅದೇ ಅಭ್ಯಾಸದಲ್ಲಿ ಇಲ್ಲಿಗೆ ಬಂದವರಿಗೆ ಸ್ಟೇಟ್ ಟ್ಯಾಕ್ಸ್ ಅಂದರೆ ಏನೋ ಚಿಲ್ಲರೆ ವ್ಯವಹಾರ ಅನ್ನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೇಲಿನ ದರ 13.3 ಪ್ರತಿಶತ. ನಿಮ್ಮಂಥ ಸಂಬಳದವರು 9.3ರ ಮೆಟ್ಟಿಲಲ್ಲಿ ಇರುತ್ತಾರೆ. ಅದನ್ನು ವಸೂಲಿ ಮಾಡುವುದು ಫೆಡರಲ್ ಟ್ಯಾಕ್ಸ್ ಇಲಾಖೆಯಾದ ಐಆರ್‌ಎಸ್ ಅಲ್ಲ, ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್, ಎಲ್ಲರ ಬಾಯಲ್ಲಿ ಎಫ್‌ಟಿಬಿ. ಐಆರ್‌ಎಸ್‌ಗೆ ವಸೂಲಿ ಮಾಡಲು ಸಾಮಾನ್ಯವಾಗಿ 10 ವರ್ಷ ಇರುತ್ತದೆ. ಎಫ್‌ಟಿಬಿಗೆ 20 ವರ್ಷ. ಮರೆತುಬಿಡುತ್ತಾರೆ ಅಂತ ಕಾಯುವ ಆಟ ಇಲ್ಲಿ ನಡೆಯುವುದಿಲ್ಲ.

ಈಗ ಆ 9,300ರ ಕಥೆ. 2023ರಲ್ಲಿ ನಿಮಗೆ ಸಂಬಳ ಕೊಟ್ಟ ಹಳೆ ಕಂಪನಿ ನಿಮ್ಮ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ ಮತ್ತು ಹಿಡಿದ ಟ್ಯಾಕ್ಸಿನ ಪಟ್ಟಿ, ಅದರ ಪ್ರತಿಯನ್ನು ಸರ್ಕಾರಕ್ಕೆ ಕೊಟ್ಟಿದೆ. ನೀವು ಷೇರು ಮಾರಿದ ಬ್ರೋಕರ್ 1099-ಬಿ ಅನ್ನುವ ಮಾರಾಟದ ಪಟ್ಟಿ ಕೊಟ್ಟಿದ್ದಾನೆ. ಎಫ್‌ಟಿಬಿ ಕಂಪ್ಯೂಟರಿನ ಕಣ್ಣಿಗೆ ಇಷ್ಟು ಕಂಡಿತು: ಈ ಮನುಷ್ಯನಿಗೆ ಕ್ಯಾಲಿಫೋರ್ನಿಯಾದಲ್ಲಿ ಆದಾಯ ಬಂದಿದೆ, ರಿಟರ್ನ್ ಬಂದಿಲ್ಲ. ಹಾಗಾದಾಗ ಮೊದಲು ರಿಟರ್ನ್ ಹಾಕಿ ಅಂತ ಒಂದು ಪತ್ರ ಹೋಗುತ್ತದೆ. ಉತ್ತರ ಇಲ್ಲದಿದ್ದರೆ ಅವರೇ ಒಂದು ಅಂದಾಜು ಲೆಕ್ಕ ಹಾಕಿ, ಇಷ್ಟು ಟ್ಯಾಕ್ಸ್ ಹಾಕಬೇಕು ಅಂತಿದ್ದೇವೆ ಅಂತ ಇನ್ನೊಂದು ಪತ್ರ ಕಳಿಸುತ್ತಾರೆ. ಅದಕ್ಕೆ ತಕರಾರು ಹೇಳಲು 60 ದಿನ. ಆ 60 ದಿನ ಕಳೆದರೆ ಅಂದಾಜೇ ಅಂತಿಮ ಆಗುತ್ತದೆ. ಆಮೇಲೆ ಬಿಲ್ಲು. ಆಮೇಲೆ ಜಪ್ತಿಗೆ ಮುಂಚಿನ ಕೊನೆಯ ನೋಟಿಸು. ಅದಕ್ಕೂ ಸದ್ದಿಲ್ಲ ಅಂದರೆ ಸಂಬಳ ಕೊಡುವವರಿಗೇ ಆರ್ಡರ್.

ಇವೆಲ್ಲ ನಿಮಗೆ ಬಂದಿಲ್ಲ ಅಂತೀರಿ. ನಾನು ನಂಬುತ್ತೇನೆ. ಆದರೆ ಕಾನೂನಿನ ಲೆಕ್ಕದಲ್ಲಿ ಬಂದ ಹಾಗೇ. ಅವರ ಬಳಿ ಇರುವ ಕೊನೆಯ ವಿಳಾಸಕ್ಕೆ ಕಳಿಸಿದರೆ ಸಾಕು. ಅವರ ದಾಖಲೆಯಲ್ಲಿ ಇರುವುದು ನೀವು 2023ರ ಜೂನ್‌ನಲ್ಲಿ ಬಿಟ್ಟ ಸನ್ನಿವೇಲ್‌ನ ಅಪಾರ್ಟ್‌ಮೆಂಟಿನ ವಿಳಾಸ. ಪೋಸ್ಟ್ ಆಫೀಸಿನ ಫಾರ್ವರ್ಡಿಂಗ್ ಒಂದು ವರ್ಷಕ್ಕೆ ಮುಗಿಯುತ್ತದೆ. ನೋಟಿಸುಗಳು ಅದಾದ ಮೇಲೆ ಹೊರಟಿವೆ.

ಅಂದಾಜಿನಲ್ಲಿ ಏನಾಗಿದೆ ನೋಡಿ. ನಿಮ್ಮ ಡಬ್ಲ್ಯೂ-2ನಲ್ಲಿ 1,12,000 ಡಾಲರ್ ಇದೆ. ಸಂಬಳ, ಬಿಡುವಾಗ ಕೊಟ್ಟ ಗಂಟು, ವೆಸ್ಟ್ ಆದ (ಅಂದರೆ ನಿಮ್ಮ ಕೈಗೆ ಬಂದ) ಕಂಪನಿ ಷೇರು, ಎಲ್ಲ ಸೇರಿ. ಸರಿ. ಅದರ ಜೊತೆಗೆ ನೀವು ಮಾರಿದ ಷೇರಿನ ಪೂರಾ 95,000 ಡಾಲರನ್ನೂ ಆದಾಯ ಅಂತ ಕೂಡಿಸಿದ್ದಾರೆ. ಕೊಂಡ ಬೆಲೆ ಸೊನ್ನೆ! ಕಂಪನಿ ಕೊಟ್ಟ ಷೇರು ನಿಮ್ಮ ಕೈಗೆ ಬಂದ ದಿನವೇ ಅದರ ಬೆಲೆ ಸಂಬಳ ಅಂತ ಡಬ್ಲ್ಯೂ-2ಗೆ ಸೇರಿರುತ್ತದೆ, ಅದಕ್ಕೆ ಟ್ಯಾಕ್ಸೂ ಹಿಡಿದಿರುತ್ತಾರೆ. ಆ ದಿನದ ಬೆಲೆಯೇ ನಿಮ್ಮ ಕೊಂಡ ಬೆಲೆ. ಬ್ರೋಕರ್ ಕಳಿಸುವ 1099-ಬಿಯಲ್ಲಿ ಆ ಅಂಕಣ ಎಷ್ಟೋ ಸಲ ಖಾಲಿ ಇರುತ್ತದೆ, ಇಲ್ಲವೇ ಸೊನ್ನೆ ಇರುತ್ತದೆ. ನಿಮ್ಮ ಬ್ರೋಕರ್ ಕೊಟ್ಟ ಪೂರಕ ಪಟ್ಟಿ ತೆಗೆದು ನೋಡಿದೆ. ಬೇರೆ ಬೇರೆ ವರ್ಷಗಳಲ್ಲಿ ವೆಸ್ಟ್ ಆದ ಆ ಷೇರುಗಳ ವೆಸ್ಟ್ ದಿನದ ಬೆಲೆ ಒಟ್ಟು 93,500. ಅಂದರೆ ನಿಜವಾದ ಲಾಭ 1,500 ಡಾಲರ್. ಒಂದೇ ಹಣಕ್ಕೆ ಎರಡು ಸಲ ಟ್ಯಾಕ್ಸ್ ಬಿದ್ದಿದೆ ಅಲ್ವಾ?

ಅಷ್ಟೇ ಅಲ್ಲ. ರಿಟರ್ನ್ ಇಲ್ಲದ ಕಾರಣ ನಿಮ್ಮನ್ನು ಒಂಟಿ ಅಂತ ಹಿಡಿದಿದ್ದಾರೆ. ಹೆಂಡತಿ ಇಲ್ಲ, ಮಗಳಿಲ್ಲ. 2,07,000 ಆದಾಯ, ಒಂಟಿಯವರ ಸ್ಟ್ಯಾಂಡರ್ಡ್ ಡಿಡಕ್ಷನ್ 5,363. ಹಾಗೆ ಲೆಕ್ಕ ಹಾಕಿದರೆ ಟ್ಯಾಕ್ಸ್ 15,260ರ ಆಸುಪಾಸು. ನಿಮ್ಮ ಸಂಬಳದಲ್ಲಿ ಆಗಲೇ ಹಿಡಿದಿದ್ದ 8,900 ಕಳೆದರೆ 6,360. ಅದಕ್ಕೆ ತಡವಾದ ದಂಡ 25 ಪ್ರತಿಶತ, ಅಂದರೆ 1,590. ಉಳಿದದ್ದು ಬಡ್ಡಿ, ಫೀಸು.

ಈಗ ನಿಜವಾದ ಲೆಕ್ಕ. ನೀವು ಆ ವರ್ಷ ಅರ್ಧ ಕ್ಯಾಲಿಫೋರ್ನಿಯಾದವರು, ಅರ್ಧ ಟೆಕ್ಸಾಸ್‌ನವರು. ನೀವು ಹಾಕಬೇಕಿದ್ದದ್ದು 540ಎನ್‌ಆರ್ ಅನ್ನುವ ರಿಟರ್ನ್. ಅದರ ಲೆಕ್ಕ ಸ್ವಲ್ಪ ವಿಚಿತ್ರ. ಟೆಕ್ಸಾಸ್‌ನಲ್ಲಿ ದುಡಿದ 75,000ಕ್ಕೆ ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಹಾಕುವುದಿಲ್ಲ. ಆದರೆ ದರ ಎಷ್ಟು ಅಂತ ತೀರ್ಮಾನ ಮಾಡಲು ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಇಡೀ ವರ್ಷದ ಇಡೀ ಆದಾಯಕ್ಕೆ ಸರಾಸರಿ ದರ ಎಷ್ಟು ಬರುತ್ತದೆ ಅಂತ ನೋಡಿ, ಆ ದರವನ್ನು ಕ್ಯಾಲಿಫೋರ್ನಿಯಾದ ಭಾಗಕ್ಕೆ ಮಾತ್ರ ಹಾಕುತ್ತದೆ. ನಿಮ್ಮ ಫೆಡರಲ್ ರಿಟರ್ನ್ ಗಂಡ ಹೆಂಡತಿ ಸೇರಿ ಹಾಕಿದ್ದು, ಹಾಗಾಗಿ ಇದೂ ಹಾಗೇ. ಸರಾಸರಿ ದರ ಐದೂವರೆ ಪ್ರತಿಶತ ಬಂತು. ಮಗಳ ವಿನಾಯಿತಿ ಎಲ್ಲ ಕಳೆದು ನಿಮ್ಮ ಟ್ಯಾಕ್ಸ್ ಸುಮಾರು 5,500 ಡಾಲರ್. ಆಗಲೇ ಹಿಡಿದಿರುವುದು 8,900. ಸೆಂಟು ಸೆಂಟಿನ ಲೆಕ್ಕ ರಿಟರ್ನ್ ಮಾಡುವಾಗ ಆಗುತ್ತದೆ. ಆದರೆ ದಿಕ್ಕು ಸ್ಪಷ್ಟ: ಸುಮಾರು 3,400 ನಿಮ್ಮದೇ ದುಡ್ಡು ಅಲ್ಲಿ ಕೂತಿದೆ. ಆ ಸಾಫ್ಟ್‌ವೇರ್ ಕೇಳಿದ ಸ್ಟೇಟ್ ರಿಟರ್ನಿನ ಫೀಸು ಉಳಿಸಲು ಹೋಗಿ ಆದದ್ದು ಇಷ್ಟು.

ಹಾಗಾಗಿ ನನ್ನ ಸಲಹೆ ಇಷ್ಟೇ: ಸಂಬಳದ ಆರ್ಡರನ್ನು ಹಿಡಿದು ಜಗ್ಗಬೇಡಿ, ಅದರ ಹಿಂದಿರುವ ಅಂದಾಜನ್ನು ಕಿತ್ತುಹಾಕಿ. ಅಂದಾಜನ್ನು ಕಿತ್ತುಹಾಕುವ ಸಾಧನ ಒಂದೇ, ಸರಿಯಾದ ರಿಟರ್ನ್. 60 ದಿನ ಕಳೆದು ಅಂದಾಜು ಅಂತಿಮ ಆಗಿದ್ದರೂ ರಿಟರ್ನ್ ಹಾಕುವ ಬಾಗಿಲು ಮುಚ್ಚಿಲ್ಲ. ಅದು ಬಂದು ಅವರು ಒಪ್ಪಿದರೆ ಹಳೆ ಅಂದಾಜಿನ ಜಾಗದಲ್ಲಿ ಅದು ಕೂರುತ್ತದೆ. ತಡವಾದ ದಂಡ ಹಾಕುವುದು ಬಾಕಿ ಇದ್ದ ಟ್ಯಾಕ್ಸಿನ ಮೇಲೆ. ಬಾಕಿಯೇ ಇರಲಿಲ್ಲ ಅಂದಮೇಲೆ ಆ ದಂಡಕ್ಕೂ ಬುಡ ಇಲ್ಲ. ವಸೂಲಿ ಖರ್ಚಿನ ಫೀಸು, ರಿಟರ್ನ್ ಹಾಕಿಸಿದ ಫೀಸು ಅಂತ ಎರಡು ಇವೆ. ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ನಿಮಗೆ ವಾಪಸ್ ಬರುವ ಹಣದಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ. ಅದಕ್ಕೆ ಜಗಳ ಆಡುವುದು ನನ್ನ ಅನುಭವದಲ್ಲಿ ವ್ಯರ್ಥ.

ಎಚ್‌ಆರ್ ವಿಷಯ. ಪೇರೋಲ್‌ನಲ್ಲಿ ಕೂತಿರುವ ಆ ಹೆಣ್ಣುಮಗಳ ಕೈಯಲ್ಲಿ ಏನೂ ಇಲ್ಲ. ಆರ್ಡರ್ ಬಂದಮೇಲೆ ಹಿಡಿಯಲೇಬೇಕು, ಹಿಡಿಯದಿದ್ದರೆ ಆ ಹಣಕ್ಕೆ ಕಂಪನಿಯೇ ಹೊಣೆ. ಎಫ್‌ಟಿಬಿಯಿಂದ ಬಿಡುಗಡೆ ಪತ್ರ ಬರುವ ತನಕ ನೀವು ಎಷ್ಟು ಮೇಲ್ ಬರೆದರೂ ನಿಲ್ಲುವುದಿಲ್ಲ. ಅವರ ಹತ್ತಿರ ನೀವು ಎರಡು ವಿಷಯ ಮಾತ್ರ ಕೇಳಿ. ಒಂದು, ಆರ್ಡರಿನ ಪೂರ್ತಿ ಪ್ರತಿ. ಇನ್ನೊಂದು, ಬಿಡುಗಡೆ ಪತ್ರ ಎಲ್ಲಿಗೆ ಕಳಿಸಬೇಕು ಅನ್ನುವ ಫ್ಯಾಕ್ಸ್ ನಂಬರ್. ಹೌದು, ಫ್ಯಾಕ್ಸ್. ಸಿಲಿಕಾನ್ ಕಣಿವೆಯ ಪಕ್ಕದಲ್ಲೇ ಇದ್ದರೂ ಈ ಕೆಲಸ ಇನ್ನೂ ಫ್ಯಾಕ್ಸಿನಲ್ಲೇ ನಡೆಯುತ್ತದೆ.

ಹಿಡಿಯುವ ಮೊತ್ತ ಸರಿ ಇದೆಯಾ ಅಂತ ನೀವೇ ಒಮ್ಮೆ ನೋಡಬಹುದು. ಆರ್ಡರಿನ ಮಿತಿ 25 ಪ್ರತಿಶತ. ಯಾವುದರ 25? ಒಟ್ಟು ಸಂಬಳದ್ದಲ್ಲ, ಬ್ಯಾಂಕಿಗೆ ಬೀಳುವ ಹಣದ್ದೂ ಅಲ್ಲ. ಕಾನೂನು ಕಡ್ಡಾಯ ಮಾಡಿದ ಕಡಿತಗಳನ್ನು ಕಳೆದ ಮೇಲೆ ಉಳಿಯುವುದರದ್ದು. ನಿಮ್ಮ ಪೇ ಸ್ಟಬ್ಬನ್ನೇ (ಸಂಬಳದ ಚೀಟಿ) ತಗೊಳ್ಳಿ. ಹದಿನೈದು ದಿನಕ್ಕೆ 6,500. ಫೆಡರಲ್ ಟ್ಯಾಕ್ಸ್, ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್, ಸ್ಟೇಟ್ ಟ್ಯಾಕ್ಸ್, ಎಸ್‌ಡಿಐ ಅನ್ನುವ ರಾಜ್ಯದ ಕಡ್ಡಾಯ ವಿಮೆ ಸೇರಿ 1,955. ಉಳಿದದ್ದು 4,545. ಅದರ ಕಾಲು ಭಾಗ 1,136. ಲೆಕ್ಕ ಸರಿ ಇದೆ. 401(ಕೆ) ಅನ್ನುವ ನಿವೃತ್ತಿ ಉಳಿತಾಯಕ್ಕೆ ಹೋಗುವ 650, ಆರೋಗ್ಯ ವಿಮೆಯ 220 ನೀವು ಇಷ್ಟಪಟ್ಟು ಕಟ್ಟುವುದು, ಕಡ್ಡಾಯದ್ದಲ್ಲ. ಅದನ್ನು ಕಳೆಯುವ ಮೊದಲೇ ಈ ಕಾಲು ಭಾಗ ಲೆಕ್ಕ ಆಗುತ್ತದೆ. ಅದಕ್ಕೇ ಕೈಗೆ ಬರುವುದು 2,539 ಆಗಿ, ಎದೆ ಧಸಕ್ಕೆಂದಿದ್ದು. ತಿಂಗಳಿಗೆ 5,078, ಅದರಲ್ಲಿ ಬಾಡಿಗೆ 3,100 ಅಂತ ಬರೆದಿದ್ದೀರಿ. ಮಗಳ ಡೇಕೇರ್ ಸೇರಿದರೆ ಏನೂ ಉಳಿಯುವುದಿಲ್ಲ.

ಇದೇ ಅಂಕಿಗಳನ್ನು ಇಟ್ಟುಕೊಂಡು ಎಫ್‌ಟಿಬಿಗೆ ಫೋನ್ ಮಾಡಿ. ನಂಬರ್ ಆರ್ಡರಿನ ಮೇಲೆಯೇ ಇದೆ. ಬೆಳಗ್ಗೆ ಆಫೀಸು ತೆರೆದ ಕೂಡಲೇ ಮಾಡಿದರೆ ಕಾಯುವುದು ಕಡಿಮೆ. ಸೋಷಿಯಲ್ ಸೆಕ್ಯುರಿಟಿ ನಂಬರ್, ಆರ್ಡರಿನ ಪ್ರತಿ, ಪೇ ಸ್ಟಬ್, ಪೆನ್ನು, ಕಾಗದ ಎದುರಿಗಿರಲಿ. ಯಾರ ಜೊತೆ ಮಾತಾಡಿದಿರಿ, ಅವರ ಐಡಿ ಏನು, ದಿನ ಯಾವುದು, ಎಲ್ಲ ಬರೆದುಕೊಳ್ಳಿ. ಮುಂದಿನ ಸಲ ಫೋನ್ ಎತ್ತುವವರು ಬೇರೆ ಯಾರೋ ಆಗಿರುತ್ತಾರೆ.

ಫೋನಿನಲ್ಲಿ ಕಥೆ ಹೇಳಲು ಹೋಗಬೇಡಿ. ಕೆಲಸ ಹೋಯಿತು, ಊರು ಬದಲಾಯಿತು, ಸಾಫ್ಟ್‌ವೇರ್ ದುಡ್ಡು ಕೇಳಿತು, ಇದನ್ನೆಲ್ಲ ಅವರು ದಿನಕ್ಕೆ ಐವತ್ತು ಸಲ ಕೇಳಿರುತ್ತಾರೆ. ಮೊದಲು ಕೇಳಬೇಕಾದ್ದು, ಬಾಕಿ 2023 ಒಂದೇ ವರ್ಷದ್ದಾ, ಬೇರೆ ವರ್ಷವೂ ತೆರೆದಿದೆಯಾ ಅಂತ. ಆಮೇಲೆ, ನನ್ನ ಬ್ಯಾಂಕಿಗೂ ಆರ್ಡರ್ ಹೋಗಿದೆಯಾ ಅಂತ. ಇದನ್ನು ಜನ ಕೇಳುವುದೇ ಇಲ್ಲ. ಸಂಬಳದ ಆರ್ಡರ್ ಒಂದು ಕಡೆ, ಬ್ಯಾಂಕಿನ ಆರ್ಡರ್ ಇನ್ನೊಂದು ಕಡೆ. ಬ್ಯಾಂಕಿಗೆ ಹೋಗಿದ್ದರೆ ಖಾತೆಯ ಹಣವನ್ನು 10 ದಿನ ತಡೆದಿಟ್ಟು ಆಮೇಲೆ ಕಳಿಸಿಬಿಡುತ್ತಾರೆ. ಏನಾದರೂ ಮಾಡುವುದಿದ್ದರೆ ಆ 10 ದಿನದೊಳಗೆ ಮಾಡಬೇಕು. ಐಆರ್‌ಎಸ್ ವಿಷಯದಲ್ಲಿ ಇದೇ 21 ದಿನ, ಆ ನೆನಪಿನಲ್ಲಿ ನಿಧಾನ ಮಾಡಿದವರು ಇದ್ದಾರೆ.

ಇಷ್ಟಾದ ಮೇಲೆ ನೇರವಾಗಿ ಹೇಳಿ: ನಾನು 540ಎನ್‌ಆರ್ ಹಾಕುತ್ತಿದ್ದೇನೆ, ಇಂಥ ದಿನ ಕಳಿಸುತ್ತೇನೆ, ಅದರ ಪ್ರಕಾರ ಬಾಕಿ ಇಲ್ಲ. ಅಲ್ಲಿಯವರೆಗೆ ಹಿಡಿಯುವ ಪ್ರಮಾಣ ಕಡಿಮೆ ಮಾಡಿ, ಇಷ್ಟು ಹಿಡಿದರೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಕಷ್ಟ ಇದೆ ಅಂತ ತೋರಿಸಿದರೆ ಕಡಿಮೆ ಮಾಡುವ ಅಧಿಕಾರ ಅವರಿಗೆ ಇದೆ. ತೋರಿಸುವುದು ಅಂದರೆ ಎಫ್‌ಟಿಬಿ 3561 ಅನ್ನುವ ಫಾರಂ, ಅದರ ಜೊತೆ ಬ್ಯಾಂಕ್ ಸ್ಟೇಟ್‌ಮೆಂಟ್, ಪೇ ಸ್ಟಬ್, ಬಾಡಿಗೆ ಕರಾರು, ಡೇಕೇರ್ ರಸೀದಿ. ಇಲ್ಲಿ ಒಂದು ಎಚ್ಚರಿಕೆ. ಊರಿಗೆ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವುದನ್ನು ಖರ್ಚು ಅಂತ ಬರೆದರೆ ಅವರು ಒಪ್ಪುವುದು ಕಷ್ಟ. ಬಾಡಿಗೆ, ಊಟ, ಕಾರು, ಡಾಕ್ಟರು, ಮಗುವಿನ ಖರ್ಚು ಒಪ್ಪುತ್ತಾರೆ. ಬರೆಯಬೇಡಿ ಅಂತಲ್ಲ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹೇಗೂ ಕಾಣುತ್ತದೆ. ಅದರ ಮೇಲೆ ಭಾರ ಹಾಕಬೇಡಿ ಅಷ್ಟೇ.

ಪ್ರಮಾಣ ಕಡಿಮೆ ಮಾಡಿಸುವುದು ಯಾಕೆ ಮುಖ್ಯ ಅಂದರೆ, ರಿಟರ್ನ್ ಕಳಿಸಿದ ಮಾರನೇ ದಿನ ಆರ್ಡರ್ ನಿಲ್ಲುವುದಿಲ್ಲ. ಅವರು ಅದನ್ನು ತೆರೆದು, ನೋಡಿ, ಹಳೆ ಅಂದಾಜನ್ನು ಅಳಿಸುವ ತನಕ ಕತ್ತರಿ ಆಡುತ್ತಲೇ ಇರುತ್ತದೆ. ಅದಕ್ಕೇ ರಿಟರ್ನಿನ ಒಂದು ಪ್ರತಿಯನ್ನು ವಸೂಲಿ ವಿಭಾಗಕ್ಕೂ ಕಳಿಸಬಹುದಾ ಅಂತ ಫೋನಿನಲ್ಲೇ ಕೇಳಿ. ಅದು ನೇರ ಅವರ ಮೇಜಿಗೆ ಹೋದರೆ ಎಷ್ಟೋ ಬೇಗ ಆಗುತ್ತದೆ. ಫೆಡರಲ್ ರಿಟರ್ನಿನ ಪೂರ್ತಿ ಪ್ರತಿ, ಡಬ್ಲ್ಯೂ-2ಗಳು, ಬ್ರೋಕರಿನ ಆ ಪೂರಕ ಪಟ್ಟಿ ಜೊತೆಗಿರಲಿ. ಆ ಪಟ್ಟಿಯೇ ಇಲ್ಲಿ ಜೀವ. ಅದಿಲ್ಲದಿದ್ದರೆ ನಿಮ್ಮ 93,500 ಬರೀ ಬಾಯಿಮಾತು.

ಎಫ್‌ಟಿಬಿಯ ವೆಬ್‌ಸೈಟಿನಲ್ಲಿ ಕ್ಯಾಲ್‌ಫೈಲ್ ಅಂತ ಪುಕ್ಕಟೆ ಸೌಲಭ್ಯ ಇದೆ, ಅದರಲ್ಲಿ ಹಾಕಬಹುದಾ ಅಂತ ನೀವು ಕೇಳಬಹುದು. ಆಗುವುದಿಲ್ಲ. ಅದು ವರ್ಷಪೂರ್ತಿ ಕ್ಯಾಲಿಫೋರ್ನಿಯಾದಲ್ಲಿ ಇದ್ದವರಿಗೆ. 540ಎನ್‌ಆರ್ ಮಾಡಿ ಗೊತ್ತಿರುವ ಸಿಪಿಎ (ಇಲ್ಲಿಯ ಲೆಕ್ಕಪರಿಶೋಧಕರು) ಅಥವಾ ನನ್ನಂಥ ಎನ್ರೋಲ್ಡ್ ಏಜೆಂಟ್ (ಐಆರ್‌ಎಸ್ ಮಾನ್ಯತೆ ಇರುವ ಟ್ಯಾಕ್ಸ್ ಸಲಹೆಗಾರರು) ಹತ್ತಿರ ಈ ಒಂದು ರಿಟರ್ನ್ ಮಾಡಿಸಿ. ಅವರೇ ಎಫ್‌ಟಿಬಿ ಜೊತೆ ಮಾತಾಡಬೇಕು ಅಂದರೆ 3520-ಪಿಐಟಿ ಅನ್ನುವ ಅಧಿಕಾರ ಪತ್ರಕ್ಕೆ ಸಹಿ ಹಾಕಿಕೊಡಬೇಕು. ಆದರೆ ಯೂಟ್ಯೂಬಿನಲ್ಲಿ, ರೇಡಿಯೋದಲ್ಲಿ ನಿಮ್ಮ ಬಾಕಿಯನ್ನು ನಾಲ್ಕಾಣೆಗೆ ಇಳಿಸಿಕೊಡುತ್ತೇವೆ ಅಂತ ಕೂಗುವ ಟ್ಯಾಕ್ಸ್ ರಿಲೀಫ್ ಕಂಪನಿಗಳ ಹತ್ತಿರ ಹೋಗಬೇಡಿ. ಅವರು ಮೊದಲು ಕೆಲವು ಸಾವಿರ ಡಾಲರ್ ತಗೊಂಡು, ಆಮೇಲೆ ಇದೇ ಫೋನು, ಇದೇ 3561 ಫಾರಂ ಮಾಡುತ್ತಾರೆ. ಬಾಕಿ ಇಳಿಸುವ ಆಫರ್ ಇನ್ ಕಾಂಪ್ರಮೈಸ್ ಅನ್ನುವುದು ನಿಜಕ್ಕೂ ಇದೆ. ಆದರೆ ಅದು ಕಟ್ಟುವ ಶಕ್ತಿ ಈಗಲೂ ಇಲ್ಲ, ಮುಂದೆಯೂ ಬರುವುದಿಲ್ಲ ಅನ್ನುವವರಿಗೆ. ತಿಂಗಳಿಗೆ 13,000 ಡಾಲರ್ ಸಂಬಳದ ಎಂಜಿನಿಯರಿಗಲ್ಲ. ಹಾಗೇ, ಯಾರಾದರೂ ಫೋನ್ ಮಾಡಿ ಗಿಫ್ಟ್ ಕಾರ್ಡಿನಲ್ಲಿ ಟ್ಯಾಕ್ಸ್ ಕಟ್ಟಿ ಅಂದರೆ ಅದು ಎಫ್‌ಟಿಬಿ ಅಲ್ಲ, ಕಳ್ಳರು.

ದಂಡದ ಬಗ್ಗೆ ಇನ್ನೊಂದು ಮಾತು, ಇದು ನಿಮಗಿಂತ ನಿಮ್ಮ ಹಾಗೆ ಸಿಕ್ಕಿಹಾಕಿಕೊಂಡ ಬೇರೆಯವರಿಗೆ. 2022 ಮತ್ತು ಆಮೇಲಿನ ವರ್ಷಗಳಿಗೆ ಕ್ಯಾಲಿಫೋರ್ನಿಯಾ ಒಂದು ಸಲದ ಮಾಫಿ ಕೊಡುತ್ತದೆ. ರಿಟರ್ನ್ ತಡ ಆದದ್ದಕ್ಕೆ ಅಥವಾ ಟ್ಯಾಕ್ಸ್ ತಡವಾಗಿ ಕಟ್ಟಿದ್ದಕ್ಕೆ ಹಾಕಿದ ದಂಡವನ್ನು ಜೀವನದಲ್ಲಿ ಒಮ್ಮೆ ಬಿಡುತ್ತಾರೆ. ಹಾಕಬೇಕಿದ್ದ ಎಲ್ಲ ರಿಟರ್ನ್ ಹಾಕಿರಬೇಕು, ಬಾಕಿ ಕಟ್ಟಿರಬೇಕು ಅಥವಾ ಕಂತು ಗೊತ್ತಾಗಿರಬೇಕು. ಫಾರಂ ನಂಬರ್ 2918. ನಿಮ್ಮ ದಂಡ ರಿಟರ್ನಿನಿಂದಲೇ ಹೋಗುವ ಹಾಗೆ ಕಾಣುತ್ತದೆ. ಹಾಗಾದರೆ ಈ ಮಾಫಿಯನ್ನು ಖರ್ಚು ಮಾಡಿಕೊಳ್ಳಬೇಡಿ, ಮುಂದೆಂದಾದರೂ ಬೇಕಾಗಬಹುದು.

ಇನ್ನೊಂದು ದಂಡ ಇದೆ, ಅದು ಜೋರು. ರಿಟರ್ನ್ ಹಾಕಿ ಅಂತ ಎಫ್‌ಟಿಬಿ ಕಳಿಸುವ ಪತ್ರ ಎರಡು ಥರ. ಮೊದಲ ಸಲ ಸಿಕ್ಕಿಬಿದ್ದವರಿಗೆ ಹೋಗುವುದು ವಿನಂತಿ. ಹಿಂದಿನ ನಾಲ್ಕು ವರ್ಷದಲ್ಲಿ ಆಗಲೇ ಹೀಗೆ ಅಂದಾಜು ಹಾಕಿಸಿಕೊಂಡವರಿಗೆ ಹೋಗುವುದು ತಾಕೀತು. ತಾಕೀತಿಗೆ ಉತ್ತರ ಕೊಡದಿದ್ದರೆ ಪ್ರತ್ಯೇಕ 25 ಪ್ರತಿಶತ, ಅದೂ ಸಂಬಳದಲ್ಲಿ ಆಗಲೇ ಹಿಡಿದದ್ದನ್ನು ಕಳೆಯದೆ, ಪೂರಾ ಟ್ಯಾಕ್ಸಿನ ಮೇಲೆ. ರಿಫಂಡ್ ಬರಬೇಕಾದವರಿಗೂ ಅದು ಬೀಳುತ್ತದೆ. ನಿಮ್ಮದರಲ್ಲಿ ಅದಿಲ್ಲ, ನೋಡಿದ್ದೇನೆ. ಮುಂದೆ ಯಾವತ್ತಾದರೂ ಇನ್ನೊಂದು ರಿಟರ್ನ್ ಬಿಟ್ಟರೆ ನಿಮಗೆ ಬರುವುದು ವಿನಂತಿ ಅಲ್ಲ.

ರಿಫಂಡಿಗೆ ಗಡುವು ಇದೆ, ಇದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಹಾಗೆ ತಡವಾಗಿ ಹಾಕುವವರಿಗೆ ಮೂಲ ಗಡುವಿನಿಂದ 4 ವರ್ಷ, ಅಥವಾ ಜಾಸ್ತಿ ಕಟ್ಟಿದ ದಿನದಿಂದ 1 ವರ್ಷ, ಯಾವುದು ನಂತರ ಬರುತ್ತದೋ ಅದು. 2023ರ ರಿಟರ್ನಿನ ಗಡುವು 2024ರ ಏಪ್ರಿಲ್ 15. ಸಂಬಳದಲ್ಲಿ ಹಿಡಿದ ಆ 8,900 ಅದೇ ದಿನ ಕಟ್ಟಿದ ಲೆಕ್ಕ. ಅಂದರೆ 2028ರ ಏಪ್ರಿಲ್ 15 ದಾಟಿದರೆ ಆ 3,400 ಸರ್ಕಾರದ ಪಾಲು. ಈಗ ಆರ್ಡರಿನಿಂದ ಹಿಡಿಯುತ್ತಿರುವ ಕಂತುಗಳಲ್ಲಿ ಹಿಂದಿನ ಒಂದು ವರ್ಷದ್ದು ಮಾತ್ರ ಆಗ ಕೇಳಬಹುದು. ಸುಮ್ನೆ ಕಟ್ಟಿ ಮುಗಿಸಿದವರು ಇಲ್ಲೇ ಕೈಸುಟ್ಟುಕೊಳ್ಳುವುದು. ಎಂಟೊಂಬತ್ತು ಪೇ ಚೆಕ್‌ನಲ್ಲಿ ಬಾಕಿ ತೀರುತ್ತದೆ, ತಲೆನೋವು ಹೋಯಿತು ಅಂತ ಮರೆಯುತ್ತಾರೆ. ಐದು ವರ್ಷ ಆದಮೇಲೆ ಯಾರೋ ಸ್ನೇಹಿತರು ಹೇಳಿದಾಗ ಓಡಿಬರುತ್ತಾರೆ.

ರಿಟರ್ನ್ ಹಾಕಿಯೂ ನಿಜಕ್ಕೂ ಬಾಕಿ ಉಳಿದವರು ಏನು ಮಾಡಬೇಕು? ಬಾಕಿ 25,000 ಡಾಲರ್ ಒಳಗಿದ್ದು, 60 ತಿಂಗಳಲ್ಲಿ ತೀರಿಸುವ ಹಾಗಿದ್ದು, ಹಿಂದಿನ ಐದು ವರ್ಷದ ರಿಟರ್ನ್ ಎಲ್ಲ ಹಾಕಿದ್ದರೆ ಕಂತು ಕೇಳಬಹುದು. ಶುರುವಿನ ಫೀಸು 34 ಡಾಲರ್. ಆರ್ಡರ್ ಹೊರಡುವ ಮೊದಲೇ ಕೇಳಿದ್ದರೆ ಸುಲಭವಾಗಿ ಸಿಗುತ್ತಿತ್ತು ಅನ್ನುವ ಕೊರಗು ಎಲ್ಲರದ್ದೂ. ಆಮೇಲೆ ಫೋನಿನಲ್ಲಿ ಮಾತಾಡಿಯೇ ಗಿಟ್ಟಿಸಬೇಕು. ಬೇರೆ ರಾಜ್ಯಗಳಲ್ಲಿ ರೀತಿ ಬೇರೆ. ನ್ಯೂಯಾರ್ಕ್ ಮೊದಲು ನಿಮಗೇ ಪತ್ರ ಬರೆದು ನೀವೇ ಕಟ್ಟಿ ಅನ್ನುತ್ತದೆ, ಕಟ್ಟದಿದ್ದರೆ ಒಟ್ಟು ಸಂಬಳದ 10 ಪ್ರತಿಶತದವರೆಗೆ ಹಿಡಿಸುತ್ತದೆ.

ಕೆಲಸ ಮತ್ತು ವೀಸಾ. ಒಂದು ಸಾಲಕ್ಕೆ ಸಂಬಳ ಹಿಡಿಯುವ ಆರ್ಡರ್ ಬಂತು ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ. 1968ರಿಂದ ಇರುವ ಫೆಡರಲ್ ಕಾನೂನು ಅದು, ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನಿನಲ್ಲೂ ಇದೆ. ಆದರೆ ಫೆಡರಲ್ ರಕ್ಷಣೆ ಒಂದು ಸಾಲಕ್ಕೆ ಮಾತ್ರ. ಎರಡನೇ ಬೇರೆ ಸಾಲಕ್ಕೆ ಆರ್ಡರ್ ಬಂದರೆ ಅದು ಕಾಪಾಡುವುದಿಲ್ಲ. ಎಚ್-1ಬಿಯವರಿಗೆ ಇನ್ನೊಂದು ಭಯ ಇರುತ್ತದೆ: ಕೈಗೆ ಬರುವುದು ಎಲ್‌ಸಿಎಯಲ್ಲಿ (ವೀಸಾಗಾಗಿ ಕಂಪನಿ ಕಾರ್ಮಿಕ ಇಲಾಖೆಗೆ ಕೊಟ್ಟ ಅರ್ಜಿ) ಬರೆದ ಸಂಬಳಕ್ಕಿಂತ ಕಡಿಮೆ ಆಯಿತಲ್ಲ, ಸ್ಟೇಟಸ್ ಹೋಯಿತಾ ಅಂತ. ಇಲ್ಲ. ಕಾನೂನು ಹಿಡಿಯಲೇಬೇಕು ಅಂದ ಕಡಿತ ಎಚ್-1ಬಿ ನಿಯಮದಲ್ಲಿ ಒಪ್ಪಿತವೇ. ಕಂಪನಿ ಪೂರಾ ಸಂಬಳ ಕೊಟ್ಟ ಹಾಗೇ ಲೆಕ್ಕ. ಇದು ಅಪರಾಧದ ಕೇಸೂ ಅಲ್ಲ. ನಿಜವಾಗಿ ಇದು ಎದ್ದು ಬರುವುದು ಎಷ್ಟೋ ವರ್ಷ ಆದಮೇಲೆ, ಗ್ರೀನ್ ಕಾರ್ಡ್ ಆಗಿ ಪೌರತ್ವಕ್ಕೆ ಎನ್-400 ಹಾಕುವಾಗ. ಫೆಡರಲ್, ಸ್ಟೇಟ್, ಲೋಕಲ್ ಯಾವುದಾದರೂ ಟ್ಯಾಕ್ಸ್ ಬಾಕಿ ಇದೆಯಾ ಅಂತ ಅಲ್ಲಿ ನೇರವಾಗಿ ಕೇಳುತ್ತಾರೆ. ಎಫ್‌ಟಿಬಿಯ ಬಿಡುಗಡೆ ಪತ್ರವನ್ನು ಪಾಸ್‌ಪೋರ್ಟಿನ ಫೈಲಿನಲ್ಲೇ ಇಡಿ.

ಎಲ್ಲ ಕಳಿಸಿಯೂ ತಿಂಗಳುಗಟ್ಟಲೆ ಯಾರೂ ಮುಟ್ಟದಿದ್ದರೆ ಎಫ್‌ಟಿಬಿಯ ಒಳಗೇ ಟ್ಯಾಕ್ಸ್ ಕಟ್ಟುವವರ ದೂರು ನೋಡುವ ಟ್ಯಾಕ್ಸ್‌ಪೇಯರ್ಸ್ ರೈಟ್ಸ್ ಅಡ್ವೊಕೇಟ್ ಕಚೇರಿ ಇದೆ, ಫಾರಂ 914. ಮೊದಲ ದಿನವೇ ಅಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಮಾಮೂಲಿ ದಾರಿಯಲ್ಲಿ ಪ್ರಯತ್ನ ಮಾಡಿದ್ದೇನೆ ಅಂತ ತೋರಿಸಬೇಕು, ಅದಕ್ಕೇ ಫೋನ್ ಮಾಡಿದ ದಿನ ಬರೆದಿಡಿ ಅಂದದ್ದು. ರಿಫಂಡನ್ನೇ ತಿರಸ್ಕರಿಸಿದರೆ ಆಫೀಸ್ ಆಫ್ ಟ್ಯಾಕ್ಸ್ ಅಪೀಲ್ಸ್‌ಗೆ ಹೋಗಬಹುದು. 2018ರಿಂದ ಕೆಲಸ ಮಾಡುತ್ತಿರುವ, ಎಫ್‌ಟಿಬಿಗೆ ಸೇರದ ಸಂಸ್ಥೆ ಅದು. ನಿಮ್ಮ ಕೇಸು ಅಲ್ಲಿಗೆ ಹೋಗುವ ಹಾಗೆ ಕಾಣುವುದಿಲ್ಲ.

ವಿಳಾಸ ಬದಲಾವಣೆಯ ಫಾರಂ 3533 ಇವತ್ತೇ ಕಳಿಸಿ. ಇಲ್ಲದಿದ್ದರೆ ರಿಫಂಡ್ ಚೆಕ್ಕೂ ಸನ್ನಿವೇಲ್‌ನ ಅದೇ ಮನೆಗೆ ಹೋಗುತ್ತದೆ.

ಕೊನೆಗೆ, ನೀವು ಕೇಳದಿದ್ದ ಒಂದು ವಿಷಯ. 2024 ಪೂರ್ತಿ ಟೆಕ್ಸಾಸ್‌ನಲ್ಲಿ ಇದ್ದಿರಿ, ಹಳೆ ಕಂಪನಿಯ ಷೇರು ಆ ವರ್ಷ ಯಾವುದೂ ವೆಸ್ಟ್ ಆಗಿಲ್ಲ, ಹಾಗಾಗಿ ಕ್ಯಾಲಿಫೋರ್ನಿಯಾಗೆ ಏನೂ ಹಾಕಬೇಕಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ವಾಪಸ್ ಬಂದಿರಿ. ಅಂದರೆ 2025 ಕೂಡ ಅರ್ಧಂಬರ್ಧ ವರ್ಷ, ಅದಕ್ಕೂ 540ಎನ್‌ಆರ್. ನೀವು ಕಳಿಸಿದ ಕಾಗದಗಳಲ್ಲಿ ಅದರ ಪ್ರತಿ ಕಾಣಲಿಲ್ಲ. ಹಾಕಿದ್ದೀರಿ ತಾನೇ?